ಹನ್ನೊಂದು ಸಾವಿರ ಓಡಿದ ಕಾರಿಗೆ ಹದಿನಾಲ್ಕು ಲಕ್ಷ ಏಕೆ?

ಕುಡತಿನಿಯ ಹೆದ್ದಾರಿ ಬದಿಯ ಶೆಡ್ಡೊಂದರಲ್ಲಿ 2006ರ ಪೋರ್ಷೆ ಬಾಕ್ಸ್‌ಸ್ಟರ್ ನಿಂತಿದೆ. ಕೆಎ-34 ನಂಬರಿನ ಗಾಡಿ. ಎರಡೇ ಸೀಟು, ಮಡಚುವ ಬಟ್ಟೆಯ ಮೇಲ್ಛಾವಣಿ, ಸೀಟಿನ ಬೆನ್ನಿಗೇ 2.7 ಲೀಟರಿನ ಆರು ಸಿಲಿಂಡರ್ ಎಂಜಿನ್, 240 ಅಶ್ವಶಕ್ತಿ. ಮೀಟರಿನಲ್ಲಿ ಕಾಣುವುದು 11,000 ಕಿಲೋಮೀಟರ್ ಚಿಲ್ಲರೆ. ಅದಿರು ಚಿನ್ನವಾಗಿದ್ದ ದಿನಗಳಲ್ಲಿ ಒಂದು ಸಾಗಣೆ ಕಂಪನಿಯ ಹೆಸರಿನಲ್ಲಿ ಕೊಂಡದ್ದು. ಈಗ ಮನೆಯವರು ಮಾರಬೇಕೆಂದಿದ್ದಾರೆ. ಬೆಲೆ ಕಟ್ಟಿಕೊಡಿ ಎಂದು ಕೇಳಿದರು. ನೋಡಿ, ಇದ್ದ ಸ್ಥಿತಿಯಲ್ಲಿ 14 ಲಕ್ಷ ಎಂದು ಬರೆದುಕೊಟ್ಟೆ.

ಆ ಚೀಟಿ ಊರೆಲ್ಲ ಸುತ್ತಿದೆ. ಬಳ್ಳಾರಿಯ ದಲ್ಲಾಳಿಗಳು ನಾನು ಮನೆಯವರಿಗೆ ಅರ್ಧಕ್ಕರ್ಧ ನಷ್ಟ ಮಾಡಿದೆ ಎನ್ನುತ್ತಿದ್ದಾರೆ. ಕುರುಗೋಡು, ಸಿರುಗುಪ್ಪ ಕಡೆಯ ಬಲ್ಲವರು ಇಪ್ಪತ್ತು ವರ್ಷದ ಗುಜರಿಗೆ ಹದಿನಾಲ್ಕು ಲಕ್ಷ ಹೇಳಿ ಕೊಳ್ಳುವವನ ತಲೆ ಹೊಡೆಯುತ್ತಿದ್ದಾನೆ ಎನ್ನುತ್ತಿದ್ದಾರೆ. ಕಂಪನಿಯ ಲೆಕ್ಕ ಪರಿಶೋಧಕರದು ಮೂರನೆಯ ಮಾತು. ಎಲ್ಲರಿಗೂ ಉತ್ತರ ಕೊಡುವ ಹೊಣೆ ನನ್ನ ಮೇಲಿದೆ. ಏಕೆಂದರೆ ಹೀಗೆ ನಿಂತಿರುವ ಗಾಡಿ ಇದೊಂದೇ ಅಲ್ಲ. ತೋರಣಗಲ್ಲಿನಿಂದ ಬಳ್ಳಾರಿಯವರೆಗೆ ಆ ಕಾಲದ ಕಾರುಗಳು ಹೊದಿಕೆ ಹೊದ್ದು ಕೂತಿವೆ, ಮತ್ತು ಅವುಗಳ ಮಾಲೀಕರಿಗೆ ಸಿಗುತ್ತಿರುವ ಸಲಹೆ ಬಹುಪಾಲು ತಪ್ಪು.

ದಲ್ಲಾಳಿಗಳ ಮೊದಲ ವಾದದಿಂದಲೇ ಶುರು ಮಾಡುತ್ತೇನೆ. "ಗಾಡಿ ಓಡೇ ಇಲ್ಲಣ್ಣ. ಹನ್ನೊಂದ್ ಸಾವಿರ ಅಂದ್ರ ಹೊಸಾ ಗಾಡಿನೇ ಅದು. ಮೂವತ್ತಕ್ಕ ಕಡಿಮಿ ಯಾಕ ಹೇಳ್ತೀರಿ?"

ಇಪ್ಪತ್ತು ವರ್ಷಕ್ಕೆ 11,000 ಎಂದರೆ ವರ್ಷಕ್ಕೆ 550. ಈ ಸರಾಸರಿ ಸತ್ಯ ಹೇಳುವುದಿಲ್ಲ. ಈ ಕಾರು ಓಡಿದ್ದೆಲ್ಲ ಮೊದಲ ಐದು ವರ್ಷ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ನಿಂತವು, ಲಾರಿಯ ಜೊತೆಗೆ ಈ ಕಾರೂ ನಿಂತಿತು. ಅಲ್ಲಿಂದ ಈಚೆಗೆ ಆಗೊಮ್ಮೆ ಈಗೊಮ್ಮೆ ಸ್ಟಾರ್ಟ್ ಮಾಡಿ, ಐದು ನಿಮಿಷ ಗುರುಗುಟ್ಟಿಸಿ, ಆಫ್ ಮಾಡಿದ್ದಾರೆ. ಮನೆಯವರು ಅದನ್ನು ಕಾಳಜಿ ಎಂದೇ ತಿಳಿದು ಮಾಡಿದ್ದು, ಅವರ ಮೇಲೆ ತಪ್ಪು ಹೊರಿಸುವುದಿಲ್ಲ. ಆದರೆ ಎಂಜಿನ್ ಪೂರ್ತಿ ಕಾಯುವ ಮೊದಲೇ ಆರಿಸಿದರೆ ಒಳಗೆ ಹುಟ್ಟಿದ ತೇವ ಆವಿಯಾಗಿ ಹೊರಹೋಗುವುದಿಲ್ಲ. ಆಯಿಲಿಗೆ ಸೇರುತ್ತದೆ, ಸೈಲೆನ್ಸರಿನಲ್ಲಿ ಉಳಿಯುತ್ತದೆ. ಹಾಗೆ ಸ್ಟಾರ್ಟ್ ಮಾಡುವುದಕ್ಕಿಂತ ತಿಂಗಳಿಗೊಮ್ಮೆ ಹೊಸಪೇಟೆಯವರೆಗೆ ಓಡಿಸಿ ತಂದಿದ್ದರೆ ಈ ಕಾರಿಗೆ ನಾನು ಹೆಚ್ಚು ಬೆಲೆ ಬರೆಯುತ್ತಿದ್ದೆ, ಮೀಟರು 25,000 ತೋರಿಸುತ್ತಿದ್ದರೂ.

ಓಟದಿಂದ ಸವೆಯುವ ಭಾಗಗಳಿವೆ: ಕ್ಲಚ್, ಬ್ರೇಕ್ ಪ್ಯಾಡ್, ಸೀಟಿನ ಚರ್ಮ. ಅವು ಇದರಲ್ಲಿ ನಿಜಕ್ಕೂ ಚೆನ್ನಾಗಿವೆ. ಅದಕ್ಕೆ ಸಲ್ಲಬೇಕಾದ ಬೆಲೆಯನ್ನು ನಾನು ಕೊಟ್ಟಿದ್ದೇನೆ. ಆದರೆ ಓಡಲಿ ಬಿಡಲಿ, ಕಾಲ ಕಳೆದಂತೆ ಸಾಯುವ ಭಾಗಗಳ ಪಟ್ಟಿ ಇನ್ನೂ ದೊಡ್ಡದು. ರಬ್ಬರ್ ಹೋಸು, ಎಂಜಿನ್ ಮೌಂಟು, ಬುಷ್ಷು, ಆಯಿಲ್ ಸೀಲು, ಬಾಗಿಲಿನ ಬೀಡಿಂಗು. ಬ್ರೇಕ್ ಆಯಿಲ್ ಗಾಳಿಯಿಂದ ನೀರಿನ ಅಂಶ ಹೀರುತ್ತಲೇ ಇರುತ್ತದೆ, ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಟ್ಯಾಂಕಿನಲ್ಲಿ ನಿಂತ ಪೆಟ್ರೋಲು ಅಂಟಾಗಿ ಇಂಜೆಕ್ಟರಿನ ಬಾಯಿ ಕಟ್ಟುತ್ತದೆ. ಈಗ ನಮ್ಮ ಬಂಕುಗಳಲ್ಲಿ ಸಿಗುವುದು ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲು. ಎಥೆನಾಲ್ ನೀರನ್ನು ಸೆಳೆಯುತ್ತದೆ, ಹಳೆಯ ರಬ್ಬರಿಗೆ ಒಗ್ಗುವುದಿಲ್ಲ. ಈ ಕಾರು ತಯಾರಾದ ಕಾಲದಲ್ಲಿ ಅಷ್ಟು ಎಥೆನಾಲನ್ನು ನಮ್ಮಲ್ಲಿ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಟೈರನ್ನೇ ನೋಡಿ. ಹೂವು ಹಾಗೇ ಇದೆ, ದಲ್ಲಾಳಿ ಅದನ್ನೇ ಮುಟ್ಟಿ ಮುಟ್ಟಿ ತೋರಿಸುತ್ತಾನೆ. ಅದರ ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಈ ಕಾರಿನ ನಾಲ್ಕೂ ಟೈರುಗಳ ಕೊನೆಯ ಅಂಕಿ 06. ಇಪ್ಪತ್ತು ಬೇಸಿಗೆ ಕಂಡ ರಬ್ಬರು ಕಲ್ಲಿನಂತೆ ಗಟ್ಟಿಯಾಗಿದೆ. ಗಂಟೆಗೆ 200 ಕಿಲೋಮೀಟರ್ ಸಲೀಸಾಗಿ ದಾಟುವ ಗಾಡಿಯನ್ನು ಆ ಟೈರಿನ ಮೇಲೆ ಹೆದ್ದಾರಿಗೆ ಬಿಡುವುದು ಜೀವದ ಪ್ರಶ್ನೆ.

ಇನ್ನು ಕುಡತಿನಿಯ ವಿಷಯ. ಈ ಕಾರು ಬೆಂಗಳೂರಿನ ಬೇಸ್‌ಮೆಂಟಿನಲ್ಲಿ ನಿಂತದ್ದಲ್ಲ. ಒಂದು ಪಕ್ಕಕ್ಕೆ 1,700 ಮೆಗಾವ್ಯಾಟಿನ ಉಷ್ಣ ವಿದ್ಯುತ್ ಸ್ಥಾವರ. ಮೊದಲ ಘಟಕ ಬಂದದ್ದು ಹೆಚ್ಚೂಕಡಿಮೆ ಈ ಕಾರು ಬಂದ ಹೊತ್ತಿಗೇ. ಇನ್ನೊಂದು ಪಕ್ಕಕ್ಕೆ ಅದಿರು ಹೊರುವ ಹೆದ್ದಾರಿ. ಕಲ್ಲಿದ್ದಲ ಹಾರುಬೂದಿಯಲ್ಲಿ ಹೆಚ್ಚಿನ ಪಾಲು ಸಿಲಿಕಾ, ಅಲ್ಯುಮಿನಾ. ಕಣ್ಣಿಗೆ ಹಿಟ್ಟಿನಂತೆ ಕಂಡರೂ ಗಟ್ಟಿ ಕಾಳು. ಒಣ ಬಟ್ಟೆಯಲ್ಲಿ ಒರೆಸಿದರೆ ಪೇಂಟಿನ ಮೇಲೆ ಸೂಕ್ಷ್ಮ ಗೀರು ಬೀಳುತ್ತದೆ. ಅದಿರಿನ ಧೂಳು ತೇವ ಸೇರಿದರೆ ಬಣ್ಣಕ್ಕೆ ಕಂದು ಚುಕ್ಕೆ ಹಿಡಿಸುತ್ತದೆ. ಬಾಕ್ಸ್‌ಸ್ಟರಿನ ರೇಡಿಯೇಟರುಗಳು ಮುಂದಿನ ಬಂಪರಿನ ಎರಡು ಬದಿಯ ಬಾಯಿಗಳ ಹಿಂದಿವೆ. ರೇಡಿಯೇಟರು ಮತ್ತು ಎಸಿ ಕಂಡೆನ್ಸರಿನ ನಡುವಿನ ಸಂದಿಯಲ್ಲಿ ಕಸ ಕೂತು ತೇವ ಹಿಡಿದರೆ ಅಲ್ಯುಮಿನಿಯಮ್ ತೂತಾಗುತ್ತದೆ. ಬಟ್ಟೆಯ ಛಾವಣಿಯ ಬುಡದಲ್ಲಿ ಮಳೆನೀರು ಹರಿದು ಹೋಗಲು ಸಣ್ಣ ತೂತುಗಳಿವೆ. ಅವು ಧೂಳಿನಿಂದ ಮುಚ್ಚಿದರೆ ನೀರು ಒಳಗಿಳಿದು, ಸೀಟಿನ ಕೆಳಗಿರುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಹಾಳಾಗುತ್ತದೆ. ಈ ಮಾದರಿಯ ಕಾರು ಬಲ್ಲವರೆಲ್ಲ ಮೊದಲು ಕೈಹಾಕಿ ನೋಡುವ ಜಾಗ ಅದು. ಇದರಲ್ಲಿ ಆ ತೂತುಗಳಿಂದ ನಾನು ಬೆರಳಿನಷ್ಟು ಕೆಂಪು ಕೆಸರು ತೆಗೆದೆ. ಅದೃಷ್ಟಕ್ಕೆ ಪೆಟ್ಟಿಗೆ ಒಣಗಿತ್ತು.

ಎಂಜಿನ್ನಿನೊಳಗೆ ಇನ್ನೊಂದು ಸಂಗತಿ ಇದೆ. 1997ರಿಂದ 2008ರವರೆಗಿನ ಬಾಕ್ಸ್‌ಸ್ಟರ್ ಎಂಜಿನ್ನುಗಳಲ್ಲಿ ಕ್ರ್ಯಾಂಕಿನಿಂದ ಕ್ಯಾಮಿಗೆ ಓಟ ಸಾಗಿಸುವ ನಡುದಂಡಕ್ಕೆ ಮುಚ್ಚಿದ ಬೇರಿಂಗು ಹಾಕಿದ್ದಾರೆ. ಅದು ಒಡೆದರೆ ಎಂಜಿನ್ ಮುಗಿದಂತೆ. ಈ ಕಾರುಗಳನ್ನು ದಶಕಗಳಿಂದ ಬಿಚ್ಚಿ ಕಟ್ಟುವ ಮೆಕ್ಯಾನಿಕ್‌ಗಳು ಒಂದು ಮಾತು ಹೇಳುತ್ತಾರೆ: ದಿನಾ ಓಡುವ ಗಾಡಿಗಿಂತ ನಿಂತೇ ಇರುವ ಗಾಡಿಯಲ್ಲಿ ಈ ಬೇರಿಂಗಿನ ಭಯ ಹೆಚ್ಚು. 2006ರ ಹೊತ್ತಿಗೆ ಬೇರಿಂಗು ದೊಡ್ಡದಾಯಿತು, ಅಪಾಯ ಇಳಿಯಿತು, ಆದರೆ ಎಂಜಿನ್ ಪೂರ್ತಿ ಬಿಚ್ಚದೆ ಅದನ್ನು ಹೊರತೆಗೆಯಲಾಗದು. ಕಡಿಮೆ ಓಟಕ್ಕಾಗಿ ಹೆಚ್ಚು ಹಣ ಕೊಡಿ ಎನ್ನುವ ದಲ್ಲಾಳಿ ಕೊಳ್ಳುವವನಿಗೆ ಈ ಮಾತನ್ನೂ ಹೇಳುತ್ತಾನೆಯೇ?

ಎರಡನೆಯ ವಾದ: "ಮೀಟ್ರು ಸುಳ್ಳು ಹೇಳಂಗಿಲ್ಲ." ಹೇಳುತ್ತದೆ, ಹೇಳಿಸಲಾಗುತ್ತದೆ. ಡಿಜಿಟಲ್ ಮೀಟರನ್ನು ಹಿಂದಕ್ಕೆ ತಿರುಗಿಸಿಕೊಡುವವರು ಎಲ್ಲ ಊರಲ್ಲೂ ಇದ್ದಾರೆ. ಈ ಮನೆಯವರು ಹಾಗೆ ಮಾಡಿರಬಹುದೆಂಬ ಅನುಮಾನ ನನಗೆ ಕಿಂಚಿತ್ತೂ ಇಲ್ಲ. ಆದರೆ ನಾಳೆ ಮುಂಬೈಯಿಂದಲೋ ಕೊಯಮತ್ತೂರಿನಿಂದಲೋ ಬರುವ ಗಿರಾಕಿಗೆ ಅವರು ಯಾರೆಂದು ಗೊತ್ತಿಲ್ಲ. ಅವನಿಗೆ ತೋರಿಸಬೇಕಾದ ಸಾಕ್ಷಿ ಬೇರೆಡೆ ಇದೆ. ಪೋರ್ಷೆಯ ಎಂಜಿನ್ ಕಂಪ್ಯೂಟರ್ ತಾನು ಎಷ್ಟು ಗಂಟೆ ಚಾಲೂ ಇದ್ದೆ ಎಂಬುದನ್ನು ಮತ್ತು ಯಾವಾಗ ಮಿತಿ ಮೀರಿ ತಿರುಗಿದೆ ಎಂಬುದನ್ನು ಪ್ರತ್ಯೇಕವಾಗಿ ಬರೆದಿಟ್ಟುಕೊಂಡಿರುತ್ತದೆ. ಸರಿಯಾದ ಸ್ಕ್ಯಾನರ್ ಹಾಕಿದರೆ ಅದು ಓದಲು ಸಿಗುತ್ತದೆ. ಕಿಲೋಮೀಟರನ್ನು ಗಂಟೆಯಿಂದ ಭಾಗಿಸಿ. 11,000ಕ್ಕೆ 370 ಗಂಟೆ ಬಂದರೆ ಸರಾಸರಿ ವೇಗ 30, ನಂಬಬಹುದು. ಇದು ನಿಂತಲ್ಲೇ ಗುರುಗುಟ್ಟಿದ ಗಾಡಿಯಾದ್ದರಿಂದ 500 ಗಂಟೆ ಬಂದರೂ ನಾನು ಒಪ್ಪುತ್ತೇನೆ. 1,500 ಗಂಟೆ ಬಂದರೆ ಸರಾಸರಿ 7 ಕಿಲೋಮೀಟರ್ ಚಿಲ್ಲರೆ. ಅಂಥ ಕಥೆಯನ್ನು ಯಾರೂ ಕೊಳ್ಳುವುದಿಲ್ಲ. ಹಳೆಯ ಸರ್ವಿಸ್ ಬಿಲ್ಲು, ಎಮಿಷನ್ ಚೀಟಿ, ಇನ್ಶೂರೆನ್ಸ್ ಕಾಗದ, ಇವುಗಳ ಮೇಲೆ ಬರೆದ ಕಿಲೋಮೀಟರ್ ತಾರೀಕಿನ ಪ್ರಕಾರ ಏರುತ್ತಾ ಬಂದಿದ್ದರೆ ಅದೂ ಸಾಕ್ಷಿ. ಈ ಮನೆಯ ಬೀರುವಿನಲ್ಲಿ 2010ರವರೆಗಿನ ಬಿಲ್ಲುಗಳು ಸಿಕ್ಕಿವೆ, ಅಲ್ಲಿಂದ ಈಚೆಗಿನವು ಇಲ್ಲ. ಕಡಿಮೆ ಓಟಕ್ಕೆ ಬೆಲೆ ಇದೆ ಎಂಬುದನ್ನು ನಾನು ಅಲ್ಲಗಳೆಯುತ್ತಿಲ್ಲ. ಆ ಬೆಲೆ ಸಲ್ಲುವುದು ರುಜುವಾತಾದ ಕಡಿಮೆ ಓಟಕ್ಕೆ.

"ವಿದೇಶದಾಗ ಓಡದೇ ಇಟ್ಟ ಗಾಡಿ ಕೋಟಿಗಟ್ಲೆ ಹೋಗ್ತಾವು" ಎಂಬ ಮಾತೂ ಬಂದಿದೆ. ಹೋಗುತ್ತವೆ, ನಿಜ. ಅಲ್ಲಿ ಹಾಗೆ ಇಡುವವರು ತೇವ ಅಳೆದು, ಶಾಖ ಅಳೆದು, ಟೈರನ್ನು ನೆಲದಿಂದ ಎತ್ತಿ, ವರ್ಷವರ್ಷದ ಸರ್ವಿಸ್ ದಾಖಲೆ ಸಮೇತ ಇಟ್ಟಿರುತ್ತಾರೆ. ಗಿರಾಕಿ ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ಆ ಆರೈಕೆಗೆ ಸೇರಿದ್ದು. ಇನ್ನೊಂದು ಕಡೆಯಿಂದಲೂ ನೋಡಿ. 2018ರ ಆಗಸ್ಟಿನಲ್ಲಿ ಅಮೆರಿಕದ ಹರಾಜೊಂದರಲ್ಲಿ 4.84 ಕೋಟಿ ಡಾಲರಿಗೆ ಹೋದ 1962ರ ಫೆರಾರಿ 250 ಜಿಟಿಒ ರೇಸಿನಲ್ಲಿ ಚಚ್ಚಿ ಓಡಿಸಿದ ಗಾಡಿ. 2022ರಲ್ಲಿ 13.5 ಕೋಟಿ ಯೂರೋಗೆ ಮಾರಾಟವಾದ ಮರ್ಸಿಡಿಸ್ 300 ಎಸ್‌ಎಲ್‌ಆರ್ ಕೂಪೆಯ ಮಾದರಿಯನ್ನು ಅದನ್ನು ರೂಪಿಸಿದ ಎಂಜಿನಿಯರ್ ಊಲೆನ್‌ಹೌಟ್ ರಸ್ತೆಯ ಮೇಲೆ ತಮ್ಮ ಓಡಾಟಕ್ಕೇ ಬಳಸಿದ್ದರು. ಬೆಲೆ ಬಂದದ್ದು ಅಪರೂಪಕ್ಕೆ, ಇತಿಹಾಸಕ್ಕೆ. ಬಾಕ್ಸ್‌ಸ್ಟರನ್ನು ಪೋರ್ಷೆ ಸಾವಿರಗಟ್ಟಲೆ ತಯಾರಿಸಿದೆ. ಒಳ್ಳೆಯ ಕಾರು, ಓಡಿಸಿದವರಿಗೆ ಅದರ ಸುಖ ಗೊತ್ತು, ಆದರೆ ಅಪರೂಪದ ಲೆಕ್ಕಕ್ಕೆ ಅದು ಬರುವುದಿಲ್ಲ.

ಹೊಸ ಬಾಕ್ಸ್‌ಸ್ಟರಿಗೆ ಈಚಿನವರೆಗೂ ಒಂದು ಕೋಟಿಗೂ ಮೇಲೆ ಇತ್ತು, ಅದರ ಮೂರನೆಯ ಒಂದು ಪಾಲಾದರೂ ಹಳೆಯದಕ್ಕೆ ಬರಬೇಡವೇ ಎನ್ನುವವರಿಗೆ ಎರಡೇ ಮಾತು. ಆ ಬೆಲೆಯಲ್ಲಿ ಬಹುಪಾಲು ಆಮದು ಸುಂಕ ಮತ್ತು ತೆರಿಗೆ; ಕರ್ನಾಟಕದಲ್ಲಿ 20 ಲಕ್ಷ ಮೀರಿದ ಹೊಸ ಕಾರಿಗೆ ಜೀವಾವಧಿ ತೆರಿಗೆಯೇ ಶೇಕಡಾ 18. ಸರ್ಕಾರಕ್ಕೆ ಒಮ್ಮೆ ಕಟ್ಟಿದ ಹಣ ಎರಡನೆಯ ಗಿರಾಕಿಯ ಜೇಬಿನಿಂದ ವಾಪಸು ಬರುವುದಿಲ್ಲ.

ಈಗ ಲೆಕ್ಕ ಪರಿಶೋಧಕರು. ಅವರ ಬಗ್ಗೆ ನನಗೆ ಗೌರವವಿದೆ, ಅವರ ಲೆಕ್ಕದಲ್ಲಿ ತಪ್ಪೂ ಇಲ್ಲ. 50 ಲಕ್ಷಕ್ಕೆ ಕೊಂಡ ಕಾರು, ಆದಾಯ ತೆರಿಗೆಯ ಪ್ರಕಾರ ವರ್ಷಕ್ಕೆ ಶೇಕಡಾ 15 ಸವಕಳಿ ಕಳೆಯುತ್ತಾ ಹೋದರೆ ಇಪ್ಪತ್ತನೆಯ ವರ್ಷಕ್ಕೆ ಪುಸ್ತಕದಲ್ಲಿ ಉಳಿಯುವುದು ಸುಮಾರು 1.94 ಲಕ್ಷ. "ನಮ್ಮ ಪುಸ್ತಕದಲ್ಲಿ ಎರಡು ಲಕ್ಷವೂ ಇಲ್ಲದ್ದು ಹದಿನಾಲ್ಕು ಹೇಗಾದೀತು?" ಎಂದು ಅವರು ಕೇಳಿದ್ದಾರೆ. ಸವಕಳಿ ಎನ್ನುವುದು ತೆರಿಗೆಯ ಅನುಕೂಲಕ್ಕೆ ಮಾಡಿಕೊಂಡ ಏರ್ಪಾಡು. ಆ ಕೋಷ್ಟಕಕ್ಕೆ ಅಂಬಾಸಿಡರೂ ಒಂದೇ, ಪೋರ್ಷೆಯೂ ಒಂದೇ. ಶೆಡ್ಡಿನೊಳಗೆ ಇಟ್ಟದ್ದೂ ಒಂದೇ, ಬಿಸಿಲಿಗೆ ಬಿಟ್ಟದ್ದೂ ಒಂದೇ. ಕಡತದಲ್ಲಿ ಬರೆದ ಬೆಲೆಯೇ ನಿಜವಾದ ಬೆಲೆ ಎಂಬ ಮಾತನ್ನು ಬೇರೆ ಯಾವ ಊರು ಒಪ್ಪಿದರೂ ಕುಡತಿನಿ ಒಪ್ಪಬಾರದು. ಇಲ್ಲಿನ ರೈತರು ಉಕ್ಕಿನ ಕಾರ್ಖಾನೆಗಳಿಗೆಂದು ಹೋದ ತಮ್ಮ ಹೊಲಗಳ ಬೆಲೆಯ ವಿಷಯದಲ್ಲಿ ವರ್ಷಗಳಿಂದ ಹೋರಾಡುತ್ತಿದ್ದಾರೆ. ಅವರ ನೆಲದ ಸಂಕಟದ ಪಕ್ಕದಲ್ಲಿ ಈ ಕಾರನ್ನು ಇಟ್ಟು ತೂಗುವ ಉದ್ದೇಶ ನನಗಿಲ್ಲ. ಬೆಲೆಯನ್ನು ಯಾರು, ಯಾವ ಕಾಗದ ನೋಡಿ ಕಟ್ಟುತ್ತಾರೆ ಎಂಬುದು ಎಷ್ಟು ದೊಡ್ಡ ಪ್ರಶ್ನೆ ಎಂದು ಇಲ್ಲಿ ಎಲ್ಲರಿಗೂ ಗೊತ್ತು ಎಂದಷ್ಟೇ ಹೇಳುತ್ತಿದ್ದೇನೆ.

ಆದರೆ ಪುಸ್ತಕದ ಆ ಅಂಕಿ ಒಂದು ಕಡೆ ಬೇಕೇ ಬೇಕು, ಅದನ್ನು ಪರಿಶೋಧಕರೇ ಮನೆಯವರಿಗೆ ಹೇಳಬೇಕಿತ್ತು. ಕಾರು ಕಂಪನಿಯ ಹೆಸರಿನಲ್ಲಿದೆ, ಕಂಪನಿಗೆ ಜಿಎಸ್‌ಟಿ ನೋಂದಣಿ ಇದೆ, ಸವಕಳಿಯನ್ನೂ ತೆಗೆದುಕೊಂಡಿದೆ. ಹಾಗಾಗಿ ಮಾರಿದ ಬೆಲೆಗೂ ಪುಸ್ತಕದ ಬೆಲೆಗೂ ಇರುವ ಅಂತರದ ಮೇಲೆ ಶೇಕಡಾ 18 ತೆರಿಗೆ. 14 ಲಕ್ಷಕ್ಕೆ ಮಾರಿದರೆ ಅಂತರ 12.06 ಲಕ್ಷ, ತೆರಿಗೆ ಸುಮಾರು 2.17 ಲಕ್ಷ. ಇದನ್ನು ಯಾರು ಹೊರುತ್ತಾರೆ ಎಂಬುದು ಮಾತುಕತೆಗೆ ಕೂರುವ ಮೊದಲೇ ತೀರ್ಮಾನವಾಗಬೇಕು. ಅದೇ ಕಾರು ಒಬ್ಬ ವ್ಯಕ್ತಿಯ ಸ್ವಂತ ಹೆಸರಿನಲ್ಲಿದ್ದಿದ್ದರೆ ಈ ತೆರಿಗೆಯೇ ಇರುತ್ತಿರಲಿಲ್ಲ.

ಕುರುಗೋಡಿನಿಂದ ಬಂದ ಆಕ್ಷೇಪ ನೇರವಾಗಿದೆ: "ಇಪ್ಪತ್ತು ವರ್ಷ ಆದ ಮ್ಯಾಲ ಅದು ಗುಜರಿ. ತೂಕದ ಮ್ಯಾಲ ಹಾಕ್ರಿ." ದಿಲ್ಲಿಯ ಸುದ್ದಿ ಕೇಳಿ ಹುಟ್ಟಿದ ಹೆದರಿಕೆ ಇದು. ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಗಾಡಿ ಎಂಬ ಗೆರೆ ಎಳೆದದ್ದು ದಿಲ್ಲಿ ಮತ್ತು ಸುತ್ತಲಿನ ರಾಜಧಾನಿ ಪ್ರದೇಶಕ್ಕೆ. ಕರ್ನಾಟಕದಲ್ಲಿ ಖಾಸಗಿ ಕಾರು ಹದಿನೈದು ವರ್ಷ ದಾಟಿದರೆ ತಪಾಸಣೆ ಮಾಡಿಸಿ, ಹಸಿರು ತೆರಿಗೆ ಕಟ್ಟಿ, ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಿಕೊಂಡು ಓಡಿಸಬಹುದು. ಈ ಕಾರಿನ ಆರ್‌ಸಿ 2021ರಲ್ಲಿ ಒಮ್ಮೆ ನವೀಕರಣಗೊಂಡಿದೆ. ಈಗ ಮತ್ತೆ ಆಗಬೇಕು, ಮತ್ತು ಈ ಸಲ ಖರ್ಚು ಗಟ್ಟಿಯಾಗಿದೆ. 2025ರ ಆಗಸ್ಟಿನಲ್ಲಿ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ ಇಪ್ಪತ್ತು ವರ್ಷ ದಾಟಿದ ವಾಹನಗಳ ನವೀಕರಣ ಶುಲ್ಕ ಏರಿಸಿತು: ಸಾಮಾನ್ಯ ಕಾರಿಗೆ 10,000, ಆಮದು ಕಾರಿಗೆ 80,000 ರೂಪಾಯಿ, ಜಿಎಸ್‌ಟಿ ಬೇರೆ. ಇದು ಭಾರವೇ. ಆದರೆ 80,000ದ ಭಾರ ಬಂತೆಂದು 14 ಲಕ್ಷದ ಮಾಲನ್ನು ಕಬ್ಬಿಣದ ತಕ್ಕಡಿಗೆ ಹಾಕುವುದು ಯಾವ ವ್ಯಾಪಾರ? ಈ ಗಾಡಿಯ ಗೇರ್‌ಬಾಕ್ಸು, ಸೀಟು, ಬಾಗಿಲು, ದೀಪಗಳನ್ನು ಬಿಚ್ಚಿ ಮಾರಿದರೂ ತೂಕದ ಬೆಲೆಯ ಹಲವು ಪಟ್ಟು ಬರುತ್ತದೆ. ಗುಜರಿ ಅಂಗಡಿಯವರಿಗೆ ಇದು ಚೆನ್ನಾಗಿ ಗೊತ್ತು. ತೂಕದ ಮಾತು ಎತ್ತುವವರು ತಾವೇ ಕೊಳ್ಳಲು ಮುಂದೆ ಬಂದಿದ್ದಾರೆಯೇ ಎಂದು ಮನೆಯವರು ಗಮನಿಸಲಿ.

ಇನ್ಶೂರೆನ್ಸಿನ ಐಡಿವಿ, ಅಂದರೆ ಪಾಲಿಸಿಯಲ್ಲಿ ಬರೆದ ಕಾರಿನ ಬೆಲೆ, ತೋರಿಸಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ನಿಗದಿಯಾದ ಸವಕಳಿಯ ಕೋಷ್ಟಕ ಇರುವುದು ಐದು ವರ್ಷದವರೆಗೆ, ಅಲ್ಲಿಗೆ ಶೇಕಡಾ 50. ಆಮೇಲಿನದು ವಿಮೆ ಕಂಪನಿಯೂ ಮಾಲೀಕನೂ ಮಾತಾಡಿಕೊಂಡು ಬರೆದ ಅಂಕಿ. ಪ್ರೀಮಿಯಂ ಉಳಿಸಲು ಮಾಲೀಕರು ಅದನ್ನು ಇಳಿಸಿ ಬರೆಸುತ್ತಾರೆ.

"ಕಾಯ್ರಿ, ವಿಂಟೇಜ್ ಆಗ್ತದ" ಎಂದವರು ಮನೆಯ ಹುಡುಗರ ತಲೆ ಕೆಡಿಸಿದ್ದಾರೆ, ಇದನ್ನು ಬಿಡುವ ಹಾಗಿಲ್ಲ. 2021ರ ಕೇಂದ್ರ ನಿಯಮದ ಪ್ರಕಾರ ವಿಂಟೇಜ್ ಎನಿಸಿಕೊಳ್ಳಲು ಮೊದಲ ನೋಂದಣಿಯಿಂದ 50 ವರ್ಷ ಆಗಿರಬೇಕು. ಈ ಕಾರಿಗೆ ಅದು 2056. ಆ ನೋಂದಣಿ ಸಿಕ್ಕರೂ ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿಯಂಥ ಕಾರಣಕ್ಕೆ ಮಾತ್ರ. ಇನ್ನೂ ಮೂವತ್ತು ವರ್ಷ ಇದೇ ಶೆಡ್ಡು, ಇದೇ ಬೂದಿ, ಇದೇ ಬೇಸಿಗೆ. ಎಲೆಕ್ಟ್ರಾನಿಕ್ ಪೆಟ್ಟಿಗೆಗಳ ಬಿಡಿಭಾಗ ಅಷ್ಟು ಕಾಲ ಸಿಗುತ್ತದೆ ಎಂದು ಯಾರು ಬರೆದುಕೊಡುತ್ತಾರೆ? ಇಟ್ಟುಕೊಳ್ಳುವ ಆಸೆ ಇದ್ದರೆ ಓಡಿಸಲು ಇಟ್ಟುಕೊಳ್ಳಲಿ, ನನಗೆ ಅದಕ್ಕಿಂತ ಸಂತೋಷ ಇಲ್ಲ. ಬೆಲೆ ಬೆಳೆಯುತ್ತದೆಂದು ಇಡುವುದು ಬೇಡ.

ಪೇಂಟ್ ಹೊಡೆಸಿ ಮಾರಿದರೆ ಐದು ಲಕ್ಷ ಹೆಚ್ಚು ಬರುತ್ತದೆ ಎಂಬ ಸಲಹೆ ಎಲ್ಲಕ್ಕಿಂತ ಅಪಾಯಕಾರಿ. ಈ ಕಾರಿನ ಮೇಲೆ ಕಾರ್ಖಾನೆಯಲ್ಲಿ ಬಿದ್ದ ಬಣ್ಣವೇ ಇದೆ. ಗೇಜು ಇಟ್ಟು ನೋಡಿದೆ, ಎಲ್ಲ ತಗಡಿನ ಮೇಲೂ ಬಣ್ಣದ ದಪ್ಪ ಒಂದೇ ಸಮ. ಎಲ್ಲೂ ಗುದ್ದಿಲ್ಲ, ಪುಟ್ಟಿ ಇಲ್ಲ ಎನ್ನುವುದಕ್ಕೆ ಇದೇ ಸಾಕ್ಷಿ. ಈಗ ಹೊಸ ಬಣ್ಣ ಹೊಡೆದರೆ ಆ ಸಾಕ್ಷಿಯನ್ನು ಕೈಯಾರೆ ಅಳಿಸಿದಂತೆ. ಕೊಳ್ಳಲು ಬಂದವನು ಯಾಕೆ ಬಣ್ಣ ಹೊಡೆಸಿದ್ದಾರೆ, ಎಲ್ಲಿ ಗುದ್ದಿತ್ತು ಎಂದು ಕೇಳುತ್ತಾನೆ, ಉತ್ತರ ಇರುವುದಿಲ್ಲ. ಗೀರು, ಚುಕ್ಕೆ ಇರಲಿ. ತೊಳೆದು, ಬಲ್ಲವರ ಕೈಯಲ್ಲಿ ಪಾಲಿಶ್ ಮಾಡಿಸಿದರೆ ಸಾಕು.

ಕೊನೆಗೆ ಲೆಕ್ಕದ ಪ್ರಶ್ನೆ. "ಟೈರು, ಬ್ಯಾಟ್ರಿ ಹಾಕಿದ್ರ ಮುಗೀತು. ಎಂಟು ಲಕ್ಷ ಎಲ್ಲಿ ಕಳದ್ರಿ?" ಇದೇ ವರ್ಷದ, ದಾಖಲೆ ಸರಿಯಿರುವ, ಇವತ್ತೇ ಹತ್ತಿ ಹೊರಡಬಹುದಾದ ಬಾಕ್ಸ್‌ಸ್ಟರಿಗೆ ಬೆಂಗಳೂರಿನಲ್ಲಿ 22 ಲಕ್ಷ ಕೊಡುವವರಿದ್ದಾರೆ ಎಂಬುದು ನನ್ನ ಅಂದಾಜು. ಕೇಳುವ ಬೆಲೆ 30 ಇರಬಹುದು. ಕೈ ಬದಲಾಗುವುದು ಅಷ್ಟಕ್ಕಲ್ಲ. ಆ 22 ಲಕ್ಷದಿಂದ ಮೊದಲು ಕೆಲಸದ ಐದು ಲಕ್ಷ ಕಳೆದಿದ್ದೇನೆ. ನಾಲ್ಕು ಟೈರು, ಬ್ಯಾಟರಿ, ಎಲ್ಲ ಆಯಿಲು ಮತ್ತು ಕೂಲೆಂಟು, ಪೆಟ್ರೋಲ್ ಟ್ಯಾಂಕ್ ಇಳಿಸಿ ತೊಳೆಯುವುದು, ಪಂಪು, ಇಂಜೆಕ್ಟರು, ಹೋಸುಗಳು, ಮೌಂಟುಗಳು, ಬ್ರೇಕ್, ಛಾವಣಿಯ ಕೇಬಲ್ಲು, ಕಂಡೆನ್ಸರು, ಆರ್‌ಸಿ ನವೀಕರಣ, ಲಾರಿಯ ಮೇಲೆ ಬೆಂಗಳೂರಿಗೆ ಸಾಗಿಸುವ ಬಾಡಿಗೆ. ಕುಡತಿನಿಯಿಂದ ಇದನ್ನು ಓಡಿಸಿಕೊಂಡು ಹೋಗುವಂತಿಲ್ಲ. ಉಳಿದ ಮೂರು ಲಕ್ಷ ಎಂಜಿನ್ನಿನೊಳಗೆ ಏನಿದೆ ಎಂಬ ಅನುಮಾನದ ಬೆಲೆ. ಅಷ್ಟು ಅಪಾಯವನ್ನು ಹೊರುವವನು ಕೊಳ್ಳುವವನು, ಅವನಿಗೆ ಅದಕ್ಕೆ ಪ್ರತಿಫಲ ಸಿಗಬೇಕು.

ಆ ಮೂರು ಲಕ್ಷವನ್ನು ವಾಪಸು ಪಡೆಯುವ ದಾರಿಯೂ ಮನೆಯವರ ಕೈಯಲ್ಲೇ ಇದೆ, ದಲ್ಲಾಳಿಯ ನಾಲಿಗೆಯಲ್ಲಿಲ್ಲ. ಸ್ಕ್ಯಾನರ್ ತರಿಸಿ ಗಂಟೆಯ ವರದಿ ತೆಗೆಸಲಿ. ಆಯಿಲ್ ಇಳಿಸಿ, ಫಿಲ್ಟರನ್ನು ಕತ್ತರಿಸಿ ಬಿಡಿಸಿ, ಮಡಿಕೆಗಳಲ್ಲಿ ಲೋಹದ ಪುಡಿ ಇದೆಯೇ ನೋಡಲಿ. ಸಾಲದ ಬ್ಯಾಂಕಿನ ಹೆಸರು ಆರ್‌ಸಿಯಲ್ಲಿ ಇನ್ನೂ ಕೂತಿದ್ದರೆ ಎನ್‌ಒಸಿ ತಂದು ತೆಗೆಸಲಿ. ಗಣಿ ಕಾಲದ ಕಂಪನಿ ಗಾಡಿ ಎಂದ ಕೂಡಲೇ ಕೋರ್ಟಿನ ತಡೆ ಇದೆಯೇ ಎಂದು ಹೊರಗಿನವರು ಕೇಳಿಯೇ ಕೇಳುತ್ತಾರೆ, ಅದಕ್ಕೂ ಕಾಗದ ಸಿದ್ಧವಿರಲಿ. ಗಂಟೆ ತಾಳೆಯಾಗಿ, ಫಿಲ್ಟರು ಶುಭ್ರವಾಗಿ, ಆರ್‌ಸಿ ಋಣಮುಕ್ತವಾಗಿ ಬಂದರೆ ನನ್ನ ಚೀಟಿಯಲ್ಲಿ 14 ಹೊಡೆದು 17 ಬರೆಯುತ್ತೇನೆ. ಫಿಲ್ಟರಿನಲ್ಲಿ ಹೊಳೆಯುವ ಪುಡಿ ಕಂಡರೆ 8 ಬರೆಯುತ್ತೇನೆ, ಆಗ ಮೀಟರಿನಲ್ಲಿ ಎಷ್ಟಿದೆ ಎಂದು ತಿರುಗಿಯೂ ನೋಡುವುದಿಲ್ಲ.